ರೂಲ್ಸ್ ಆಮ್ಯಾಲ, ಮೊದಲು ರವಿವಾರ ಎಣಸ್ರಿ

[ಟೇಬಲ್ ಮ್ಯಾಲ ದಾಳ, ಬಾಜೂಕ ಕಟ್ಟಿಗಿ ತುಂಡಿನ ಗೋಪುರ]

ನಮಸ್ಕಾರ್ರೀ, ವಿಜಯಪುರದಿಂದ! ರೋಲ್‌ಪ್ಲೇಯಿಂಗ್ ಗೇಮ್ ಆಡಲಿಕ್ಕೆ ಯಾವ ರೂಲ್ಸ್ ಚಲೋ ಅಂತ ಭಾಳ ಮಂದಿ ಕೇಳ್ತೀರಿ. ನಾ ತಿರುಗಿ ಕೇಳೂದು ಒಂದ: ಎಷ್ಟು ರವಿವಾರ ಆಡ್ತೀರಿ?

ಆಟ ಗೊತ್ತೇ ಅದ. ಒಬ್ಬಾಂವ ಕಥಿ ನಡಸ್ತಾನ, ಉಳಿದವರಿಗೆ ಒಂದೊಂದು ಪಾತ್ರ, ಆಗ್ತದೋ ಇಲ್ಲೋ ಅನ್ನೂದಕ್ಕ ದಾಳ. 1974ರಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನೂ ಇಂಥಾ ಆಟ ಬಂತು. ಇತಿಹಾಸ ಸಾಕು.

ನಾವು ಐದು ಮಂದಿ ಅದರ ಐದನೇ ಆವೃತ್ತಿ ಹಿಡಕೊಂಡು, 20ನೇ ಲೆವೆಲ್, ಅಂದ್ರ ಪಾತ್ರ ಬೆಳಿಯೂ ಕಡೀ ಮೆಟ್ಟಲಾ, ಮುಟ್ಟೇ ಬಿಡೂದು ಅಂತ ಕುಂತ್ವಿ. ಆರನೇ ರವಿವಾರಕ್ಕ ಒಬ್ಬಾಂವ ನೌಕರಿಗೆ ಪುಣೆಕ್ಕ ಹೋದ, ಇನ್ನೊಬ್ಬಾಂವಂದು ಲಗ್ನ ಗಟ್ಟಿ ಆತು. ಆವಾಗ ನಾವು 3ನೇ ಲೆವೆಲ್‌ನಾಗ. ಅದಕ್ಕ ಬೇಕಾಗೂದು 900 ಅನುಭವದ ಪಾಯಿಂಟ್. 20ಕ್ಕ? 3,55,000! ಹುಬ್ಬಳ್ಳಿಗೆ ಹೊಂಟಾಂವ ಗೋಳಗುಮ್ಮಟದ ಮುಂದ ಇಳದಂಗ.

ಈಗ ನನ್ನ ಮೆಚ್ಚಿನದು. ಡ್ರೆಡ್ ಅಂತ ಒಂದು ಹೆದರಿಕಿ ಆಟ. ದಾಳೇ ಇಲ್ಲ. ನಡಬರಕ 54 ಕಟ್ಟಿಗಿ ತುಂಡಿನ ಜೆಂಗಾ ಗೋಪುರ. ಪಾತ್ರಕ್ಕ ಕಷ್ಟದ ಕೆಲಸ ಬಂತಂದ್ರ ಒಂದು ತುಂಡು ಎಳೀಬೇಕು, ಮ್ಯಾಲ ಇಡಬೇಕು. ನಿಮ್ಮ ಕೈಯಾಗ ಗೋಪುರ ಬಿತ್ತೋ, ನಿಮ್ಮ ಪಾತ್ರ ಮುಗೀತು. ಎಳೀಲಾರದ ಬಿಡಬಹುದು, ಆದ್ರ ಕೆಲಸ ಕೆಡ್ತದ.

ಆಡಿದ್ದು ಏಪ್ರಿಲ್‌ನಾಗ. ಗಾಳಿಗೆ ಬೀಳ್ತದಂತ ಫ್ಯಾನ್ ಬಂದ್. ವಿಜಯಪುರದ ಏಪ್ರಿಲ್ರೀ! ಬೆವತ ಬೆರಳು, ತುಂಡು ಅರ್ಧ ಹೊರಗ ಬಂದದ, ಯಾರೂ ಉಸಿರು ಬಿಡವಲ್ರು. ಅಷ್ಟರಾಗ ಅವ್ವ ಚುರುಮುರಿ ಸೂಸಲದ ತಾಟು ತಂದು ಅದೇ ಟೇಬಲ್ ಮ್ಯಾಲ ಇಟ್ಳು. ಧಡಲ್! ದೆವ್ವದ ಕೈಯಾಗ ಸಿಗದಾಂವ ಚುರುಮುರಿಗೆ ಸತ್ತ.

ನೋಡ್ರಿ, ಆ ಗೋಪುರ ಗಟ್ಟಿ ಆಗೂದೇ ಇಲ್ಲ, ಬರೇ ಸಡಲ ಆಗ್ತದ. ಬಯಲಾಟ ಇದ್ದಂಗ, ಬೆಳಗಾಗೂದ್ರಾಗ ಮಂಗಳ ಹಾಡಬೇಕು. ಡಿ ಅಂಡ್ ಡಿ ಅಂದ್ರ ಶ್ರಾವಣದ ಪುರಾಣ, ದಿನಾ ಬರೂ ಮಂದಿ ಬೇಕು. ಹಂಗಾಗಿ ಯಾವ ರೂಲ್ಸ್ ಕೈಗೆ ಬಂದ್ರೂ ನಾ ಹುಡುಕೂದು ಇಷ್ಟ: ಆಡ್ತಾ ಆಡ್ತಾ ಏನು ತೀರ್ತದ, ಏನು ಬೆಳೀತದ?

[ಗಡಿಯಾರ ನೋಡಿ] ಅಯ್ಯ, ಟೈಮ್ ಆತು. ಉಳಿದದ್ದು ಗಡಿಬಿಡಿಲೆ. ಫಿಯಾಸ್ಕೋ: ಕಥಿ ನಡಸಾಂವ ಬ್ಯಾಡ, ಒಂದೇ ಕೂಟದಾಗ ಖಲಾಸ್. ಅಪೊಕಲಿಪ್ಸ್ ವರ್ಲ್ಡ್, 2010ರದ್ದು: ಎರಡು ದಾಳ ಕೂಡಿಸಿ 10 ಇಲ್ಲಾ ಹೆಚ್ಚು ಬಂದ್ರ ಪೂರಾ ಗೆಲುವು, 7ರಿಂದ 9 ಬಂದ್ರ ಗೆಲುವಿನ ಜೊತಿ ಒಂದು ಪೆಟ್ಟು. ಪಾತ್ರ ಬೆಳದ್ರೂ ಗುರಿ 10 ಅಲ್ಲೇ ನಿಲ್ತದ, ದಾಳಕ್ಕ ಕೂಡ್ಸೂ ಬೋನಸ್ ಸಾಮಾನ್ಯ +3ಕ್ಕ ಮುಗೀತದ. ಅದಕ್ಕ ಎಂಟ್ಹತ್ತು ರವಿವಾರಕ್ಕ ಚಲೋ ಅಂತೀನಿ ನಾ. ಕಾಲ್ ಆಫ್ ಕ್ತುಲು, 1981: ಬುದ್ಧಿ ಸ್ಥಿಮಿತವೇ ಪಾಯಿಂಟ್, ಅದು ಸೋರ್ತಾ ಹೋಗ್ತದ. ಆದ್ರೂ ತಿಂಗಳಗಟ್ಲೆ ಆಡ್ತಾರ, ಒಬ್ಬಗ ಹುಚ್ಚು ಹಿಡದ್ರ ಇನ್ನೊಂದು ಪಾತ್ರ ತರ್ತಾರ. ನನ್ನ ಲೆಕ್ಕಕ್ಕ ಸಿಗದ ಆಟ ಇದೊಂದು.

ಬರೂ ರವಿವಾರ ನಾವು ಮೂರೇ ಮಂದಿ. ಗೋಪುರನ ಕಟ್ಟೂದು ಅಂತ ಆಗೇದ. ಸೂಸಲದ ತಾಟು ನೆಲದ ಮ್ಯಾಲ.