ಗಾರೆ ಬೀಳುವ ಮೊದಲು

ಕೇಳುಗರಿಗೆ ನಮಸ್ಕಾರ.

ಜರ್ಮನಿಯಲ್ಲಿ ಹೊಸ ಮನೆ ಕಟ್ಟಿಸುವವರು ಈಗ ನೆಲವನ್ನೇ ಬಿಸಿ ಮಾಡಿಸಿಕೊಳ್ಳುವುದು ಜಾಸ್ತಿ. ಜನವರಿಯಲ್ಲಿ ಹೊರಗೆ ಹಿಮ ಬಿದ್ದಿರುತ್ತದೆ, ಒಳಗೆ ಮಗು ಬರಿಗಾಲಲ್ಲಿ ಓಡಾಡುತ್ತದೆ. ಅಲ್ಲಿ ಮನೆ ಕಟ್ಟಿಸುತ್ತಿರುವ ಕನ್ನಡಿಗರಿಗೆ ಇವತ್ತಿನ ಮಾತು ಉಪಯೋಗಕ್ಕೆ ಬರಲಿ ಅಂತ ನನ್ನ ಆಸೆ.

ಇದು ತೀರಾ ಹೊಸದೇನಲ್ಲ. ಕೊರಿಯಾದ ಹಳೆಯ ಮನೆಗಳಲ್ಲಿ ಅಡುಗೆ ಒಲೆಯ ಬಿಸಿ ಹೊಗೆ ಕೋಣೆಯ ನೆಲದಡಿ ಹಾದು ಆಚೆ ಹೋಗುತ್ತಿತ್ತು. ಅದಕ್ಕೆ ಒಂಡೋಲ್ ಎನ್ನುತ್ತಾರೆ. ಈಗ ಹೊಗೆಯ ಬದಲು ಬಿಸಿನೀರು.

ಮೊದಲು ಕಾಂಕ್ರೀಟ್ ತಳ. ಅದರ ಮೇಲೆ ಶಾಖ ಕೆಳಗಿಳಿಯದಂತೆ ಥರ್ಮೋಕೋಲ್‌ನಂಥ ಹಲಗೆ. ಅದರ ಮೇಲೆ ಪ್ಲಾಸ್ಟಿಕ್ ಪೈಪು, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡು. ಬಿಸಿಯಾಗಿ ಬರುವ ನೀರು, ತಣಿದು ಹೋಗುವ ನೀರು ಅಕ್ಕಪಕ್ಕ ಹರಿಯುವುದರಿಂದ ನೆಲ ಎಲ್ಲ ಕಡೆ ಒಂದೇ ಸಮ ಬೆಚ್ಚಗಿರುತ್ತದೆ. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್ ಬಿಟ್ಟರೆ ಒಂದು ಚದರ ಮೀಟರಿಗೆ ಆರೂವರೆ ಮೀಟರಿಗಿಂತ ತುಸು ಹೆಚ್ಚು ಪೈಪು ಬೇಕು. ಈ ಪೈಪಿನ ಮೇಲೆ ಗಾರೆ ಸುರಿಯುತ್ತಾರೆ, ಅದರ ಅಡಿಯಲ್ಲಿ ಎಲ್ಲೂ ಪೈಪಿನ ಜೋಡಣೆ ಇರಬಾರದು. ಚೆನ್ನಾಗಿ ಕಟ್ಟಿದ ಮನೆಗೆ ನೀರು 35 ಡಿಗ್ರಿ ಇದ್ದರೆ ಸಾಕು. ಕೂರುವ ಜಾಗದಲ್ಲಿ ನೆಲದ ಬಿಸಿ 29 ಡಿಗ್ರಿ ದಾಟಬಾರದು.

ಗೋಡೆಯ ಬುಡದುದ್ದಕ್ಕೂ ಫೋಮ್ ಪಟ್ಟಿ ಇದೆಯಾ, ನೀವೇ ಬಗ್ಗಿ ನೋಡಿ. ಗಾರೆ ಬಿಸಿಯಾದಾಗ ಹಿಗ್ಗುತ್ತದೆ. ಅದಕ್ಕೆ ಜಾಗ ಇಲ್ಲದಿದ್ದರೆ ಬಿರುಕು ಬಿಡುತ್ತದೆ.

ಗಾರೆ ಸುರಿಯುವ ಮೊದಲು ಪೈಪಿಗೆ ನೀರು ತುಂಬಿ ಒತ್ತಡ ಏರಿಸುತ್ತಾರೆ. ಸುರಿಯುವಾಗಲೂ ಒತ್ತಡ ಹಾಗೇ ಇರಲಿ. ಯಾರದ್ದಾದರೂ ಸಲಿಕೆ ಪೈಪಿಗೆ ತಾಗಿ ತೂತಾದರೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಅಲ್ಲೇ ಕೆಳಗಿಳಿಯುತ್ತದೆ. ಗಾರೆ ಹಸಿಯಾಗಿರುವಾಗಲೇ ರಿಪೇರಿ ಮಾಡಬಹುದು.

ಇನ್ನೊಂದು, ಫೋಟೊ. ಗಾರೆ ಬೀಳುವ ಮೊದಲು, ಪೈಪು ಕಾಣುವ ಹಾಗೆ ಅಳತೆ ಟೇಪು ಇಟ್ಟು ಪ್ರತಿ ಕೋಣೆಯ ಫೋಟೊ ತೆಗೆದಿಡಿ. ನಮ್ಮ ಮನೆಯಲ್ಲಿ ಯಾರೂ ತೆಗೆದಿರಲಿಲ್ಲ. ಎರಡು ವರ್ಷದ ಮೇಲೆ ಬಾಗಿಲು ಗೋಡೆಗೆ ಬಡಿಯದಿರಲಿ ಅಂತ ನೆಲಕ್ಕೊಂದು ಸಣ್ಣ ತಡೆ ಹಾಕಿಸಿದೆವು. ಡ್ರಿಲ್ ನೇರ ಪೈಪಿಗೇ ಇಳಿಯಿತು. ಸುತ್ತಲಿನ ನೆಲ ಅಗೆದು ಆ ತುಂಡು ಬದಲಾಯಿಸಬೇಕಾಯಿತು. ಒಂದು ಫೋಟೊ ಇದ್ದಿದ್ದರೆ ನಾಲ್ಕು ಬೆರಳು ಆಚೆ ಕೊರೆಯುತ್ತಿದ್ದೆವು, ಅಷ್ಟೇ. ಆ ಮಧ್ಯಾಹ್ನ ನನಗೆ ಇವತ್ತಿಗೂ ಮರೆತಿಲ್ಲ.

ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ ಲೆವಿಟೌನ್ ಅಂತ ಊರಿದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಸಾವಿರಾರು ಮನೆಗಳ ಕಾಂಕ್ರೀಟಿನೊಳಗೆ ಲೋಹದ ಪೈಪು ಹೂತರು. ವರ್ಷಗಳು ಕಳೆದಂತೆ ಅವು ಸೋರತೊಡಗಿದವು. ಎಷ್ಟೋ ಮನೆಯವರು ನೆಲದ ಬಿಸಿಯನ್ನೇ ಕೈಬಿಟ್ಟರು. ಇವತ್ತಿನ ಪೈಪು ತುಕ್ಕು ಹಿಡಿಯುವುದಿಲ್ಲ, ನಿಜ. ಆದರೂ ಹೂತದ್ದನ್ನು ಹೊರಗೆ ತೆಗೆಯುವ ಕಷ್ಟ ಅವತ್ತಿನದೇ.

ಸಿಮೆಂಟ್ ಗಾರೆಯಾದರೆ 21 ದಿನ ಬಿಸಿನೀರು ಬಿಡಬೇಡಿ. ಹಳೇ ಮನೆಗೆ ಬಾಡಿಗೆ ಕಟ್ಟುತ್ತಿರುತ್ತೀರಿ, ಅವಸರ ಇದ್ದೇ ಇರುತ್ತದೆ, ಅಲ್ವಾ? ಆದರೂ ಕಾಯಿರಿ. ಆಮೇಲೆ ಮೂರು ದಿನ 25 ಡಿಗ್ರಿ ನೀರು, ನಂತರ ನಾಲ್ಕು ದಿನ ಪೂರ್ತಿ ಬಿಸಿ. ಟೈಲ್ಸ್ ಅಥವಾ ಮರದ ಹಲಗೆ ಹಾಕಲು ಬಂದವರು ಮೊದಲು ಗಾರೆಯ ತೇವ ಅಳೆಯಲಿ. ಅಳೆಯದೆ ಅಂಟು ಬಳಿಯಲು ಬಿಡಬೇಡಿ.

ನಮಸ್ಕಾರ.