ಅಣ್ಣನ ಮುಖ

ಪ್ರಿಯ ಸಭೆಯವರೇ,

ನಮ್ಮ ಕಡೆ ಅಣ್ಣತಮ್ಮಂದಿರು ಜಗಳ ಮಾಡಿಕೊಂಡರೆ ಬಾಯಿಂದ ಹೊರಡುವ ಮಾತು ಒಂದೇ: "ಇನ್ನು ಅವನ ಮುಖ ನೋಡಲ್ಲ." ಎದುರಿಗೆ ಬಂದರೆ ಮುಖ ತಿರುಗಿಸುತ್ತೇವೆ. ಮಾತಾಡಲೇಬೇಕಾದ ಹೊತ್ತಿನಲ್ಲೂ ಮುಖ ಕೊಟ್ಟು ಮಾತಾಡುವುದಿಲ್ಲ. ತಪ್ಪು ಮಾಡಿದವನಿಗೆ ಪಶ್ಚಾತ್ತಾಪ ಹುಟ್ಟಿದಾಗ, "ಯಾವ ಮುಖ ಇಟ್ಟುಕೊಂಡು ಹೋಗಲಿ" ಎನ್ನುತ್ತಾನೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 32 ಮತ್ತು 33ನೇ ಅಧ್ಯಾಯಗಳನ್ನು ಹೀಬ್ರೂ ಮಾತುಗಳ ಜೊತೆಗಿಟ್ಟುಕೊಂಡು ಓದಲು ಕೂತಾಗ ನನಗೆ ಆಶ್ಚರ್ಯವಾಯಿತು. ಅಲ್ಲಿಯೂ ಎಲ್ಲವೂ ಮುಖದ ಮಾತೇ. ಮುಖಕ್ಕೆ ಹೀಬ್ರೂವಿನಲ್ಲಿ 'ಪಾನೀಮ್' ಎನ್ನುತ್ತಾರೆ. ಯಾಕೋಬ ಮತ್ತು ಏಸಾವರ ಕಥೆಯನ್ನು ಇವತ್ತು ಈ ಒಂದು ಮಾತನ್ನು ಹಿಡಿದುಕೊಂಡು ನಿಮ್ಮ ಮುಂದೆ ಇಡುತ್ತೇನೆ.

ಜಗಳ ಶುರುವಾದದ್ದು ಮಕ್ಕಳಿಂದಲ್ಲ. ಅಪ್ಪ ಇಸಾಕನಿಗೆ ಹಿರಿಯ ಮಗ ಏಸಾವ ಇಷ್ಟ, ಏಕೆಂದರೆ ಅವನು ತರುತ್ತಿದ್ದ ಬೇಟೆಯ ಮಾಂಸ ಅಪ್ಪನ ನಾಲಿಗೆಗೆ ರುಚಿ. ತಾಯಿ ರೆಬೆಕ್ಕಳಿಗೆ ಕಿರಿಯ ಮಗ ಯಾಕೋಬ ಇಷ್ಟ. ಅದಕ್ಕೆ ಶಾಸ್ತ್ರ ಕಾರಣವನ್ನೂ ಕೊಡುವುದಿಲ್ಲ. ಒಂದೇ ವಚನದಲ್ಲಿ ಮನೆ ಎರಡು ಪಾಲಾಗಿ ಹೋಗುತ್ತದೆ. ಹಿರಿಯನು ಕಿರಿಯನಿಗೆ ಸೇವೆ ಮಾಡುವನು ಎಂಬ ದೈವೋಕ್ತಿ ರೆಬೆಕ್ಕಳಿಗೆ ಬಸುರಿನಲ್ಲೇ ಬಂದಿತ್ತು ನಿಜ. ಆದರೆ ಅದನ್ನು ಅವಳು ಗಂಡನಿಗೆ ಹೇಳಿದಳೆಂದು ಎಲ್ಲಿಯೂ ಬರೆದಿಲ್ಲ. ದೇವರು ಕೊಟ್ಟ ಮಾತನ್ನು ದೇವರೇ ನಡೆಸಿಕೊಡುತ್ತಾನೆ ಎಂದು ಕಾಯುವುದು ಬೇರೆ, ಅದನ್ನು ನೆಪಮಾಡಿಕೊಂಡು ಕುರುಡು ಮುದುಕನನ್ನು ಮೋಸಮಾಡುವುದು ಬೇರೆ. ಕ್ರೈಸ್ತ ಬೋಧಕರಲ್ಲಿ ಎಷ್ಟೋ ಜನ ಯಾಕೋಬ ಆರಿಸಲ್ಪಟ್ಟವನು ಎಂಬ ಕಾರಣಕ್ಕೆ ಅವನ ಮೋಸವನ್ನೂ ತೊಳೆದುಬಿಡುತ್ತಾರೆ. ಶಾಸ್ತ್ರ ಹಾಗೆ ಮಾಡುವುದಿಲ್ಲ.

ಬೇಳೆಯ ಅಡುಗೆಯ ಪ್ರಸಂಗ ನಿಮಗೆಲ್ಲ ಗೊತ್ತು. ಹೊಲದಿಂದ ದಣಿದು ಬಂದ ಏಸಾವನಿಗೆ ಅದರ ಹೆಸರು ಹೇಳುವಷ್ಟೂ ತಾಳ್ಮೆ ಇಲ್ಲ. "ಆ ಕೆಂಪು, ಆ ಕೆಂಪನ್ನು ಕೊಡು" ಎನ್ನುತ್ತಾನೆ. ಅದರಿಂದಲೇ ಅವನಿಗೆ ಕೆಂಪು ಎಂಬ ಅರ್ಥದ ಎದೋಮ್ ಎಂಬ ಹೆಸರು ಬಂತು. ಅಡುಗೆ ಮಾಡಿದ್ದ ಯಾಕೋಬ ಅದಕ್ಕೆ ಬೆಲೆಯಾಗಿ ಚೊಚ್ಚಲ ಮಗನ ಹಕ್ಕನ್ನೇ ಕೇಳಿದ, ಏಸಾವ ಕೊಟ್ಟುಬಿಟ್ಟ. ತಿಂದನು, ಕುಡಿದನು, ಎದ್ದನು, ಹೋದನು, ಚೊಚ್ಚಲತನದ ಹಕ್ಕನ್ನು ತಾತ್ಸಾರ ಮಾಡಿದನು. ಐದು ಕ್ರಿಯಾಪದಗಳಲ್ಲಿ ಒಂದು ಹಕ್ಕು ಕೈಬಿಟ್ಟುಹೋಯಿತು. ಇದರಲ್ಲಿ ಏಸಾವನ ತಪ್ಪೂ ಇದೆ. ಹಸಿದ ಅಣ್ಣನಿಗೆ ಅನ್ನ ಇಕ್ಕುವ ಬದಲು ವ್ಯಾಪಾರಕ್ಕೆ ಇಳಿದ ತಮ್ಮನ ತಪ್ಪೂ ಇದೆ.

ಆದರೆ ಮನೆ ಮುರಿದದ್ದು 27ನೇ ಅಧ್ಯಾಯದಲ್ಲಿ. ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದಕ್ಕಾಗಿ ಅಣ್ಣನ ಬಟ್ಟೆ ಹಾಕಿಕೊಂಡು, ಅವನ ರೋಮದ ಮೈಯಂತೆ ತಾಕಲೆಂದು ಕೈಗೂ ಕೊರಳಿಗೂ ಮೇಕೆಮರಿಯ ಚರ್ಮ ಸುತ್ತಿಕೊಂಡು ನಿಂತ ಮಗನನ್ನು ಅಪ್ಪ ಕೇಳುತ್ತಾನೆ, "ಮಗನೇ, ನೀನು ಯಾರು?" ಯಾಕೋಬ ಹೇಳುತ್ತಾನೆ, "ನಾನು ಏಸಾವ, ನಿನ್ನ ಚೊಚ್ಚಲ ಮಗ." ಈ ಪ್ರಶ್ನೆ, ಈ ಉತ್ತರ ಎರಡನ್ನೂ ನೆನಪಿಟ್ಟುಕೊಳ್ಳಿ. ಆಮೇಲೆ ಏಸಾವ ಬರುತ್ತಾನೆ. ಆ ಬೇಟೆಗಾರ, ಆ ಗಟ್ಟಿ ಮನುಷ್ಯ, ಮಗುವಿನ ಹಾಗೆ ಗೋಳಿಟ್ಟು ಅಳುತ್ತಾನೆ: "ಅಪ್ಪಾ, ನಿನ್ನ ಹತ್ತಿರ ಇದ್ದದ್ದು ಒಂದೇ ಆಶೀರ್ವಾದವೋ? ನನ್ನನ್ನೂ ಆಶೀರ್ವದಿಸು, ಅಪ್ಪಾ." ಈ ಸಾಲನ್ನು ಓದುವಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ. ಹೀಬ್ರೂವಿನಲ್ಲಿ ಚೊಚ್ಚಲತನ 'ಬೆಖೋರಾ', ಆಶೀರ್ವಾದ 'ಬೆರಾಖಾ'. ನಡುವಿನ ಎರಡು ಅಕ್ಷರ ಅದಲುಬದಲಾದರೆ ಒಂದು ಇನ್ನೊಂದಾಗುತ್ತದೆ. ಮೊದಲು ಅದನ್ನು ಕಿತ್ತುಕೊಂಡ, ಈಗ ಇದನ್ನೂ ಕಿತ್ತುಕೊಂಡ ಎಂದು ಏಸಾವ ಈ ಎರಡು ಪದಗಳನ್ನು ಜೋಡಿಸಿಯೇ ದೂರುತ್ತಾನೆ. ಕೊನೆಗೆ ಮನಸ್ಸಿನಲ್ಲಿ ಒಂದು ದಿನ ಗೊತ್ತುಮಾಡುತ್ತಾನೆ: ಅಪ್ಪನಿಗಾಗಿ ದುಃಖಿಸುವ ದಿನಗಳು ಹತ್ತಿರವಾಗಿವೆ, ಆಗ ತಮ್ಮನನ್ನು ಕೊಲ್ಲುತ್ತೇನೆ.

ರೆಬೆಕ್ಕ ಮಗನನ್ನು ತನ್ನ ಅಣ್ಣ ಲಾಬಾನನ ಊರಿಗೆ ಕಳಿಸುತ್ತಾಳೆ. "ಸ್ವಲ್ಪ ದಿನ ಇದ್ದು ಬಾ, ನಿನ್ನ ಅಣ್ಣನ ಕೋಪ ಇಳಿಯಲಿ, ನಾನೇ ಹೇಳಿಕಳಿಸುತ್ತೇನೆ" ಎನ್ನುತ್ತಾಳೆ. ಆ ಸ್ವಲ್ಪ ದಿನ 20 ವರ್ಷವಾಯಿತು. ಅವಳು ಹೇಳಿಕಳಿಸಿದ ಸುದ್ದಿ ಶಾಸ್ತ್ರದಲ್ಲಿಲ್ಲ. ತಾಯಿ ಮಗ ಮತ್ತೆ ಒಬ್ಬರನ್ನೊಬ್ಬರು ನೋಡಿದ ಸುದ್ದಿಯೂ ಇಲ್ಲ. ಅವಳ ದಾದಿ ದೆಬೋರಳು ಸತ್ತದ್ದು, ಬೇತೇಲಿನ ಓಕ್ ಮರದ ಕೆಳಗೆ ಅವಳನ್ನು ಹೂಣಿಟ್ಟದ್ದು 35ನೇ ಅಧ್ಯಾಯದಲ್ಲಿ ಬರುತ್ತದೆ. ರೆಬೆಕ್ಕಳ ಸಾವು ಮಾತ್ರ ಬರುವುದಿಲ್ಲ. ಅವಳನ್ನು ಮಕ್ಪೇಲದ ಗವಿಯಲ್ಲಿ ಹೂಣಿಟ್ಟಿದ್ದರೆಂದು ಎಷ್ಟೋ ವರ್ಷದ ಮೇಲೆ, ಸಾಯುವ ಹೊತ್ತಿನಲ್ಲಿ, ಯಾಕೋಬನ ಬಾಯಿಂದ ನಮಗೆ ತಿಳಿಯುತ್ತದೆ. ಮಕ್ಕಳಲ್ಲಿ ಒಬ್ಬನ ಪಕ್ಷ ಹಿಡಿದ ತಾಯಿಗೆ ಆ ಮಗನೇ ದಕ್ಕಲಿಲ್ಲ.

ಲಾಬಾನನ ಮನೆಯ ಕಥೆಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದು ಮಾತು ಸಾಕು. ರಾಹೇಲಳಿಗಾಗಿ ಏಳು ವರ್ಷ ದುಡಿದವನಿಗೆ ರಾತ್ರಿ ಕತ್ತಲಲ್ಲಿ ಲೇಯಳನ್ನು ಕೊಟ್ಟ ಲಾಬಾನ ಬೆಳಿಗ್ಗೆ ಹೇಳುತ್ತಾನೆ: ಚೊಚ್ಚಲ ಮಗಳಿಗಿಂತ ಮೊದಲು ಕಿರಿಯಳನ್ನು ಕೊಡುವುದು ನಮ್ಮ ಊರಿನ ಪದ್ಧತಿಯಲ್ಲ. ಚೊಚ್ಚಲು ಎಂಬ ಆ ಮಾತು ಯಾಕೋಬನ ಎದೆಗೆ ಎಲ್ಲಿ ತಾಕಿರಬೇಕು, ಯೋಚಿಸಿ.

ಈಗ, ಯಾಕೋಬ ತನ್ನ ಊರಿಗೆ ಮರಳುವ ದಾರಿಯಲ್ಲಿದ್ದ ಯಬ್ಬೋಕ್ ಹೊಳೆಯ ದಡಕ್ಕೆ ಬರೋಣ. ಇವತ್ತಿನ ಜೋರ್ಡಾನ್ ದೇಶದಲ್ಲಿ ಜರ್ಕಾ ಎಂಬ ಹೆಸರಿನಲ್ಲಿ ಹರಿದು ಯೊರ್ದನ್ ನದಿಗೆ ಸೇರುವ ಹೊಳೆ ಅದು. ಅಣ್ಣ 400 ಜನರನ್ನು ಕಟ್ಟಿಕೊಂಡು ಬರುತ್ತಿದ್ದಾನೆಂದು ಆಳುಗಳು ಸುದ್ದಿ ತಂದಿದ್ದಾರೆ. ಯಾಕೋಬನಿಗೆ ಜೀವ ಹೋದಷ್ಟು ಭಯ. ಪ್ರಾರ್ಥಿಸುತ್ತಾನೆ, ಜೊತೆಗೆ ಕಾಣಿಕೆಯನ್ನೂ ಆರಿಸಿಡುತ್ತಾನೆ: 200 ಮೇಕೆ, 20 ಹೋತ, 200 ಕುರಿ, 20 ಟಗರು, ಮರಿಗಳ ಸಮೇತ ಹಾಲು ಕೊಡುವ 30 ಒಂಟೆ, 40 ಹಸು, 10 ಹೋರಿ, 20 ಹೆಣ್ಣುಕತ್ತೆ, 10 ಗಂಡುಕತ್ತೆ. ಒಂಟೆಮರಿಗಳನ್ನು ಬಿಟ್ಟು ಲೆಕ್ಕ ಹಾಕಿದರೂ 550 ಪ್ರಾಣಿ. ಇವನ್ನು ಹಿಂಡುಹಿಂಡಾಗಿ, ನಡುವೆ ಅಂತರ ಬಿಟ್ಟು ಮುಂದೆ ಕಳಿಸಿ ಅವನು ತನ್ನಲ್ಲೇ ಹೇಳಿಕೊಂಡ ಮಾತನ್ನು ಹೀಬ್ರೂವಿನಿಂದ ಅಕ್ಷರಕ್ಕೆ ಅಕ್ಷರ ತಂದರೆ ಹೀಗಾಗುತ್ತದೆ: ನನ್ನ ಮುಖದ ಮುಂದೆ ಹೋಗುವ ಕಾಣಿಕೆಯಿಂದ ಅವನ ಮುಖವನ್ನು ಮುಚ್ಚುವೆನು, ಆಮೇಲೆ ಅವನ ಮುಖ ನೋಡುವೆನು, ಒಂದು ವೇಳೆ ಅವನು ನನ್ನ ಮುಖವನ್ನು ಎತ್ತಾನು. ಒಂದೇ ವಚನದಲ್ಲಿ ನಾಲ್ಕು ಸಲ ಮುಖ. ಇಲ್ಲಿ 'ಮುಚ್ಚುವೆನು' ಎಂಬುದರ ಧಾತು, ಯೆಹೂದ್ಯರ ದೋಷಪರಿಹಾರಕ ದಿನವಾದ ಯೋಮ್ ಕಿಪ್ಪೂರ್ ಎಂಬ ಹೆಸರಿನಲ್ಲಿರುವ ಧಾತುವೇ. ಆರಾಧನೆಯ ಗುಡಾರದಲ್ಲಿ ಯಾಜಕನು ದೇವರ ಮುಂದೆ ಮಾಡುವ ಪ್ರಾಯಶ್ಚಿತ್ತದ ಮಾತನ್ನು ಆದಿಕಾಂಡ ಇಲ್ಲಿ ತಮ್ಮನೊಬ್ಬ ಅಣ್ಣನ ಮುಂದೆ ಮಾಡುವುದಕ್ಕೆ ಬಳಸಿದೆ.

ಆ ರಾತ್ರಿ ಯಾರೋ ಒಬ್ಬನು ಬೆಳಗಾಗುವ ತನಕ ಅವನೊಡನೆ ಹೋರಾಡುತ್ತಾನೆ. ಆಶೀರ್ವಾದ ಕೊಡದ ಹೊರತು ಬಿಡುವುದಿಲ್ಲ ಎಂದು ಯಾಕೋಬ ಹಿಡಿದಾಗ ಅವನು ಕೇಳುವುದು, "ನಿನ್ನ ಹೆಸರೇನು?" ಆಶೀರ್ವಾದಕ್ಕಾಗಿ ನಿಂತವನಿಗೆ ಎರಡನೆಯ ಸಲ ಅದೇ ಪ್ರಶ್ನೆ. ಈ ಸಲ ಅವನು ಏಸಾವ ಎನ್ನಲಿಲ್ಲ. "ಯಾಕೋಬ" ಎಂದ. ಆ ಹೆಸರಿನ ಅರ್ಥವೇ ಹಿಮ್ಮಡಿ ಹಿಡಿಯುವವನು, ವಂಚಿಸಿದವನು. ನನ್ನ ದೃಷ್ಟಿಯಲ್ಲಿ ಅದೇ ಅವನ ಪಾಪನಿವೇದನೆ. ಇಸ್ರಾಯೇಲ್ ಎಂಬ ಹೊಸ ಹೆಸರು ಸಿಕ್ಕಿದ್ದು ಹಳೆಯ ಹೆಸರನ್ನು ಒಪ್ಪಿಕೊಂಡ ಮೇಲೆ. ಆ ಸ್ಥಳಕ್ಕೆ ಅವನು ಪೆನೀಯೇಲ್ ಎಂದು ಹೆಸರಿಟ್ಟ. ದೇವರ ಮುಖ ಎಂದು ಅದರ ಅರ್ಥ. ಸೂರ್ಯ ಹುಟ್ಟಿದಾಗ ಅವನು ಕುಂಟುತ್ತಿದ್ದ.

ಕುಂಟುತ್ತಲೇ ಏಳು ಸಲ ನೆಲಕ್ಕೆ ಬಗ್ಗಿ ನಮಸ್ಕರಿಸುತ್ತ ಅಣ್ಣನ ಹತ್ತಿರ ಹೋದ. ಕದ್ದ ಆಶೀರ್ವಾದದಲ್ಲಿ ಇದ್ದದ್ದು ಏನು? ನಿನ್ನ ತಾಯಿಯ ಮಕ್ಕಳು ನಿನಗೆ ಅಡ್ಡಬೀಳಲಿ ಎಂದು. ಈಗ ಅಡ್ಡಬೀಳುತ್ತಿರುವವನು ಆ ಆಶೀರ್ವಾದ ಹೊತ್ತುಕೊಂಡವನೇ. ಏಸಾವನಾದರೋ ಓಡಿಬಂದ. ತಬ್ಬಿಕೊಂಡ, ಕೊರಳ ಮೇಲೆ ಬಿದ್ದು ಮುದ್ದಿಟ್ಟ, ಇಬ್ಬರೂ ಅತ್ತರು. ಅವನ ಮನಸ್ಸು ಯಾವಾಗ ತಿರುಗಿತು, ಏಕೆ ತಿರುಗಿತು, ಆ 400 ಜನ ಯಾಕೆ ಬಂದಿದ್ದರು, ಒಂದಕ್ಕೂ ಶಾಸ್ತ್ರದಲ್ಲಿ ಉತ್ತರವಿಲ್ಲ. ಆ ಮೌನವನ್ನು ನಾನು ತುಂಬಲು ಹೋಗುವುದಿಲ್ಲ. 20 ವರ್ಷ ದೇವರು ಯಾಕೋಬನ ಜೊತೆ ಏನು ಮಾಡಿದನೆಂದು ಪುಟಗಟ್ಟಲೆ ಬರೆದಿದೆ. ಏಸಾವನ ಜೊತೆ ಏನು ಮಾಡಿದನೆಂಬುದು ಅವರಿಬ್ಬರ ನಡುವೆಯೇ ಉಳಿಯಿತು.

ಹೀಬ್ರೂ ಹಸ್ತಪ್ರತಿಗಳಲ್ಲಿ 'ಮುದ್ದಿಟ್ಟನು' ಎಂಬ ಪದದ ಮೇಲೆ ಸಾಲಾಗಿ ಚುಕ್ಕೆಗಳಿವೆ. ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳು ಅದರ ಬಗ್ಗೆ ಬಹಳ ಚರ್ಚಿಸಿದ್ದಾರೆ. ಆ ಮುದ್ದು ನಿಜವಲ್ಲ, ಕಚ್ಚಲು ಬಂದಿದ್ದ ಎಂದರು ರಬ್ಬಿ ಯನ್ನಾಯ್. ಮುದ್ದಿಡುವುದಕ್ಕೂ ಕಚ್ಚುವುದಕ್ಕೂ ಹೀಬ್ರೂವಿನಲ್ಲಿ ಹೆಚ್ಚುಕಡಿಮೆ ಒಂದೇ ಉಚ್ಚಾರ. ಏಸಾವನು ಯಾಕೋಬನನ್ನು ದ್ವೇಷಿಸುವುದು ನಿಜವಾದರೂ ಆ ಗಳಿಗೆಯಲ್ಲಿ ಅವನ ಕರುಳು ಕರಗಿ ಪೂರ್ಣಹೃದಯದಿಂದ ಮುದ್ದಿಟ್ಟ ಎಂದರು ರಬ್ಬಿ ಶಿಮೋನ್ ಬಾರ್ ಯೋಖಾಯ್. ಕ್ರೈಸ್ತರಾದ ನಾವು ಇಲ್ಲಿ ತಲೆ ತಗ್ಗಿಸಿ ಕೇಳಬೇಕಾದ ಒಂದು ವಿಷಯವಿದೆ. ಯೆಹೂದ್ಯ ಪರಂಪರೆಯಲ್ಲಿ ಎದೋಮ್ ಎಂದರೆ ಮೊದಲು ರೋಮ್ ಸಾಮ್ರಾಜ್ಯ, ಆಮೇಲೆ ಕ್ರೈಸ್ತ ರಾಜ್ಯಗಳು. ಶತಮಾನಗಳ ಕಾಲ ಯೂರೋಪಿನಲ್ಲಿ ಯೆಹೂದ್ಯರನ್ನು ಹಿಂಸಿಸಿದವರು ಕ್ರಿಸ್ತನ ಹೆಸರು ಹೇಳುವವರೇ. ನಾವು ನಮ್ಮನ್ನು ಸದಾ ಯಾಕೋಬನೆಂದು ಓದಿಕೊಳ್ಳುತ್ತೇವೆ. ಅವರು ನಮ್ಮಲ್ಲಿ ಏಸಾವನನ್ನು ಕಂಡರು. ಆ ಮುದ್ದನ್ನು ಅವರು ಅನುಮಾನಿಸಿದ್ದರೆ ತಪ್ಪು ಅವರದ್ದಲ್ಲ.

ಸರಿ, ಮತ್ತೆ ಆ ಅಣ್ಣತಮ್ಮಂದಿರ ಹತ್ತಿರ ಹೋಗೋಣ. "ನನಗೆ ಬೇಕಾದಷ್ಟಿದೆ, ತಮ್ಮಾ, ನಿನ್ನದು ನಿನಗೇ ಇರಲಿ" ಎನ್ನುತ್ತಾನೆ ಏಸಾವ. ಯಾಕೋಬ ಒಪ್ಪುವುದಿಲ್ಲ. ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಾಯಿತು ಎನ್ನುತ್ತಾನೆ. ಮರುಕ್ಷಣ ಅವನ ಬಾಯಲ್ಲಿ ಪದ ಬದಲಾಗುತ್ತದೆ. ಅಲ್ಲಿಯವರೆಗೆ ಕಾಣಿಕೆ ಎನ್ನುತ್ತಿದ್ದವನು, "ನನ್ನ ಬೆರಾಖಾ ತೆಗೆದುಕೋ" ಎನ್ನುತ್ತಾನೆ. ಆಶೀರ್ವಾದ ಎಂಬ ಅದೇ ಪದ. ಕದ್ದದ್ದನ್ನು ಅದರ ಹೆಸರು ಹಿಡಿದೇ ಹಿಂದಕ್ಕೆ ಕೊಡುತ್ತಿದ್ದಾನೆ. ಬಲವಂತ ಮಾಡಿದ ಮೇಲೆ ಏಸಾವ ತೆಗೆದುಕೊಂಡ. ತೆಗೆದುಕೊಂಡದ್ದೂ ಅವನ ದೊಡ್ಡತನವೇ.

ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ನನ್ನ ಅಪ್ಪನೂ ದೊಡ್ಡಪ್ಪನೂ ಒಂಬತ್ತು ವರ್ಷ ಮುಖ ನೋಡಲಿಲ್ಲ. ಕಾರಣ ತೋಟದ ಬಾವಿ, ನೀರು ಬಿಡುವ ಪಾಳಿ. ಇಬ್ಬರೂ ಹೋಗುತ್ತಿದ್ದದ್ದು ಒಂದೇ ದೇವಾಲಯಕ್ಕೆ. ಕರ್ತನ ಭೋಜನದ ಭಾನುವಾರ ಒಬ್ಬರು ಮೊದಲ ಪಂಕ್ತಿಯಲ್ಲಿ ಮೊಣಕಾಲೂರಿದರೆ ಇನ್ನೊಬ್ಬರು ಕೊನೆಯ ಪಂಕ್ತಿಗೆ ಕಾಯುತ್ತಿದ್ದರು. ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಸಮಾಧಾನವಾಗು ಎಂದು ಯೇಸು ಹೇಳಿದ ಮಾತನ್ನು ಆ ಒಂಬತ್ತು ವರ್ಷದಲ್ಲಿ ಇಬ್ಬರೂ ಎಷ್ಟು ಸಲ ಕೇಳಿದ್ದರೋ. ಒಂದು ಸಂಜೆ ಅಪ್ಪ ಪಂಪ್‌ಸೆಟ್ ಮನೆಯ ಬೀಗದ ಕೈ ತೆಗೆದುಕೊಂಡು ಎದ್ದರು. ನಾನೂ ಹಿಂದೆ ಹೋದೆ. ದೊಡ್ಡಪ್ಪನ ಜಗಲಿಯ ಮೇಲೆ ಬೀಗದ ಕೈ ಇಟ್ಟು, "ಅಣ್ಣಾ, ಇದು ನಿನ್ನದು" ಎಂದರು. ದೊಡ್ಡಪ್ಪ ಅದನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದರು. "ಊಟ ಆಯ್ತಾ?" ಎಂದರು. ಒಳಗೆ ಎಲೆ ಹಾಕಿಸಿದರು.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ ತಂದೆ ದೂರದಲ್ಲಿದ್ದ ಮಗನನ್ನು ಕಂಡು ಓಡಿಬರುತ್ತಾನೆ, ಕೊರಳ ಮೇಲೆ ಬಿದ್ದು ಮುದ್ದಿಡುತ್ತಾನೆ. ಆದಿಕಾಂಡದ ಹಳೆಯ ಗ್ರೀಕ್ ಅನುವಾದವನ್ನು ಪಕ್ಕದಲ್ಲಿಟ್ಟು ನೋಡಿದರೆ ಓಟ, ಕೊರಳು, ಮುದ್ದು ಎಲ್ಲವೂ ಏಸಾವನ ಭೇಟಿಯ ಮಾತುಗಳೇ. ಪರಲೋಕದ ತಂದೆ ಪಾಪಿಯನ್ನು ಹೇಗೆ ಎದುರುಗೊಳ್ಳುತ್ತಾನೆಂದು ತೋರಿಸಲು ಕರ್ತನು ನಡೆಸಿದ ನಡಿಗೆ, ನಾವು ಪ್ರಪಂಚಾಸಕ್ತನೆಂದು ತಳ್ಳಿಹಾಕಿದ ಏಸಾವನ ನಡಿಗೆ. ಇಬ್ರಿಯರಿಗೆ ಬರೆದ ಪತ್ರ ಏಸಾವನನ್ನು ಕಟುವಾಗಿ ಟೀಕಿಸುತ್ತದೆ, ನಿಜ. ಊಟಕ್ಕೆ ಹಕ್ಕು ಮಾರಿದ ಏಸಾವ ಅಲ್ಲಿದ್ದಾನೆ. ಓಡಿಬಂದ ಏಸಾವ ಲೂಕನಲ್ಲಿದ್ದಾನೆ. ಎರಡನ್ನೂ ಓದಬೇಕು.

ಭೇಟಿಯಾದ ಮೇಲೆ ಅವರು ಒಂದೇ ಗುಡಾರದಲ್ಲಿ ಸಂಸಾರ ಹೂಡಲಿಲ್ಲ. ಜೊತೆಯಾಗಿ ಹೋಗೋಣ ಎಂದ ಅಣ್ಣನಿಗೆ ಯಾಕೋಬ, ಮಕ್ಕಳು ಎಳೆಯವರು, ಹಾಲೂಡಿಸುವ ದನಕುರಿಗಳಿವೆ, ನಿಧಾನವಾಗಿ ನಿನ್ನ ಊರಾದ ಸೇಯೀರಿಗೆ ಬರುತ್ತೇನೆ ಎಂದ. ಹೋಗಲಿಲ್ಲ. ಸುಕ್ಕೋತಿಗೆ ಹೋಗಿ ಮನೆ ಕಟ್ಟಿಕೊಂಡ. ಅಣ್ಣ ಅವನನ್ನು 'ತಮ್ಮಾ' ಎಂದರೂ ಆ ಅಧ್ಯಾಯದಲ್ಲಿ ಅವನು ಅಣ್ಣನನ್ನು ಕರೆದದ್ದೆಲ್ಲ 'ಒಡೆಯಾ' ಎಂದೇ. ಹಳೆಯ ಭಯ ಪೂರ್ತಿ ಹೋಗಿರಲಿಲ್ಲ. ಇದನ್ನು ಮುಚ್ಚಿಡದೆ ಬರೆದ ಶಾಸ್ತ್ರಕ್ಕೆ ನಾನು ಋಣಿ. ರಾಜಿಯಾದ ಮೇಲೂ ಬೇರೆ ಒಲೆ ಇರಬಹುದು, ನಮ್ಮ ಅಪ್ಪ ದೊಡ್ಡಪ್ಪನ ಮನೆಗಳಲ್ಲೂ ಇತ್ತು. ಅವರ ಸಂತತಿಯವರಂತೂ ಮತ್ತೆ ಮತ್ತೆ ಹೊಡೆದಾಡಿದರು. ಅರಣ್ಯದಿಂದ ಬಂದ ಇಸ್ರಾಯೇಲ್ಯರಿಗೆ ಎದೋಮ್ಯರು ದಾರಿ ಕೊಡಲಿಲ್ಲ. ಯೆರೂಸಲೇಮು ಬಿದ್ದಾಗ ಅವರು ಹಿಗ್ಗಿದರೆಂದು ಪ್ರವಾದಿ ಓಬದ್ಯನು ಗುಡುಗುತ್ತಾನೆ. ಅಷ್ಟಾದರೂ ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿ ಆ ಆಜ್ಞೆ ಹಾಗೆಯೇ ನಿಂತಿದೆ: ಎದೋಮ್ಯನನ್ನು ಹೇಸಬೇಡ, ಅವನು ನಿನ್ನ ಸಹೋದರ.

ಕೊನೆಗೆ 35ನೇ ಅಧ್ಯಾಯದ ಕಡೆಯ ವಚನ. ಇಸಾಕ 180 ವರ್ಷದವನಾಗಿ ಹೆಬ್ರೋನಿನಲ್ಲಿ ತೀರಿಕೊಂಡ. ತಮ್ಮನನ್ನು ಕೊಲ್ಲಲು ಏಸಾವ ಗೊತ್ತುಮಾಡಿಟ್ಟುಕೊಂಡಿದ್ದ ದಿನ ಅದು. ಸೇಯೀರಿನಿಂದ ಅವನು ಬಂದ. ಅಪ್ಪನ ಹೆಣದ ಹತ್ತಿರ ಇಬ್ಬರೂ ನಿಂತರು. ಅವನ ಮಕ್ಕಳಾದ ಏಸಾವನೂ ಯಾಕೋಬನೂ ಅವನನ್ನು ಹೂಣಿಟ್ಟರು ಎಂದು ಬರೆದಿದೆ. ಏಸಾವನ ಹೆಸರು ಮೊದಲು.