ಅಪ್ಪನಿಗೆ ಸ್ಮಾರ್ಟ್‌ಫೋನ್ ಬೇಕಾ ಬೇಡ್ವಾ? ತಿಪಟೂರಿನಲ್ಲಿ ಫೋನ್ ಹುಡುಕಾಟ

ನಮಸ್ಕಾರ ಎಲ್ಲರಿಗೂ. ಇವತ್ತು ಅಪ್ಪ ಅಮ್ಮನ ಜೊತೆ ತಿಪಟೂರಿಗೆ ಬಂದಿದ್ದೇನೆ. ಕೊಬ್ಬರಿ ಹಾಕುವುದಕ್ಕಲ್ಲ, ಫೋನ್ ನೋಡುವುದಕ್ಕೆ. ಅಪ್ಪನ ಜೇಬಲ್ಲಿ ಕಾಣ್ತಿದೆಯಲ್ಲ, ಅದೇ ಅವರ ಹಳೇ ಕೀಪ್ಯಾಡ್ ಸೆಟ್ಟು. ಹಿಂದಿನ ಮುಚ್ಚಳ ಸಡಿಲ ಆಗಿದೆ, ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಇನ್ನೂ ಚೆನ್ನಾಗಿಯೇ ನಡೀತಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಅಪ್ಪ ಸ್ಮಾರ್ಟ್‌ಫೋನ್ ತಗೊಳ್ಳಲೇಬೇಕು. ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್ 2020ರಲ್ಲೇ ಬಂತು. ನಮ್ಮ ಹೊಲದ ಬೆಳೆಯ ಫೋಟೋ ನಾವೇ ತೆಗೆದು ಹಾಕಬಹುದು. ಆದರೆ ಅಪ್ಪ ಪ್ರತಿ ಸಲ ಯಾರಾದರೂ ಹುಡುಗರನ್ನು ಕಾಯ್ತಾರೆ. ಕೊಬ್ಬರಿ ರೇಟು ಕೇಳೋಕೂ ಯಾರಿಗೋ ಫೋನ್ ಮಾಡಬೇಕು. ತಮ್ಮ ಇರುವುದು ಬೆಂಗಳೂರಲ್ಲಿ, ಅವನ ಮಗು ಈಗ ಅಂಬೆಗಾಲು ಇಡ್ತಿದೆ. ಅದನ್ನು ನೋಡೋಕೆ ಅಮ್ಮ ಪಕ್ಕದ ಮನೆಗೆ ಹೋಗಿ ಕೂರಬೇಕು. ಅದು ನನಗೆ ಸರಿ ಅನ್ನಿಸಲ್ಲ.

ಇದು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್. ತಟ್ಟೆ ಇಡ್ಲಿ ಬಂತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೇ ಶ್ರೇಷ್ಠ ಅಂತ ಅಪ್ಪನ ವಾದ. ನನಗೆ ಇದೂ ಇಷ್ಟವಾಯ್ತು, ಚಟ್ನಿಯಲ್ಲಿ ಕಾಯಿ ಧಾರಾಳವಾಗಿ ಇತ್ತು. ತಿಪಟೂರಲ್ಲಿ ಕಾಯಿಗೆ ಬರ ಇರಬಾರದಲ್ವಾ. ಸರಿ, ಅಂಗಡಿ ತೆಗೆದಿದೆ, ಹೋಗೋಣ.

ಇಲ್ಲಿ ನೋಡಿ, ಅಪ್ಪ ಪರದೆ ಮುಟ್ಟುತ್ತಿದ್ದಾರೆ. ಏನೂ ಆಗ್ತಿಲ್ಲ. ಮತ್ತೆ ಮುಟ್ಟುತ್ತಾರೆ, ಇಲ್ಲ. ಅಂಗಡಿಯವರು "ಯಜಮಾನ್ರೇ, ಒತ್ತಬೇಡಿ, ಮೆತ್ತಗೆ ಮುಟ್ಟಿ" ಅಂತಿದ್ದಾರೆ. ಮೆತ್ತಗೆ ಮುಟ್ಟಿದರೂ ಇಲ್ಲ. ಇದು ಅಪ್ಪನಿಗೆ ಬರಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ಬೆರಳು ತಗುಲಿದಾಗ ಆಗುವ ಸಣ್ಣ ವಿದ್ಯುತ್ ವ್ಯತ್ಯಾಸದಿಂದ ಈ ಪರದೆಗೆ ಮುಟ್ಟಿದ್ದು ಗೊತ್ತಾಗುತ್ತದೆ. ಚರ್ಮ ದಪ್ಪ ಆಗಿ ಒಣಗಿದ್ದರೆ ಅದು ಸರಿಯಾಗಿ ಆಗಲ್ಲ. ವರ್ಷಗಟ್ಟಲೆ ಕಾಯಿ ಸುಲಿದ ಕೈ ಅದು. ಸೊಸೈಟಿಯಲ್ಲಿ ರೇಷನ್ ತಗೊಳ್ಳುವಾಗಲೂ ಅಪ್ಪನ ಹೆಬ್ಬೆಟ್ಟು ಬರಲ್ಲ. ದುಡಿದ ಕೈಗೆ ಆಗದ ಯಂತ್ರ ಮಾಡಿದ್ದಾರೆ ಅಂದರೆ ನನಗೆ ನಿಜಕ್ಕೂ ಕೋಪ ಬರುತ್ತದೆ.

ಅಪ್ಪ ಹೇಳಿದ್ದು ಕೇಳಿಸಿತಾ? "ಗುಂಡಿ ಇದ್ರೆ ಕತ್ತಲಲ್ಲೂ ಗೊತ್ತಾಗುತ್ತೆ ಕಣಮ್ಮ." ನಿಜವೇ. 5ರ ಗುಂಡಿ ಮೇಲೆ ಸಣ್ಣ ಉಬ್ಬು ಇರುತ್ತದೆ, ಅದು ಸಿಕ್ಕರೆ ಉಳಿದ ಗುಂಡಿಗಳೂ ಸಿಕ್ಕ ಹಾಗೆ. 2 ಒತ್ತಿ ಹಿಡಿದರೆ ನನಗೆ ಕಾಲ್, 3 ಒತ್ತಿ ಹಿಡಿದರೆ ತಮ್ಮನಿಗೆ. ರಾತ್ರಿ ಮೋಟಾರ್ ಹಾಕೋಕೆ ತೋಟಕ್ಕೆ ಹೋಗುವಾಗ ಟಾರ್ಚ್ ಬೇಕೇ ಬೇಕು. 2003ರಲ್ಲಿ ನೋಕಿಯಾ 1100 ಬಂದಾಗ ಹಳ್ಳಿಗಳಲ್ಲಿ ತುಂಬಾ ಜನ ಅದನ್ನೇ ತಗೊಂಡಿದ್ದು ಸುಮ್ನೆ ಅಲ್ಲ. ಟಾರ್ಚ್ ಇತ್ತು, ಧೂಳು ಒಳಗೆ ಹೋಗದ ಕೀಪ್ಯಾಡ್ ಇತ್ತು. ಪ್ರಪಂಚದಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾಯ್ತು. ಆ ಫೋನ್ ಮಾಡಿದವರು ನಮ್ಮಂಥವರ ಕೈ ನೋಡಿ ಮಾಡಿದ್ದರು.

ಹಾಗಾಗಿ ಈಗ ನನ್ನ ಮಾತು ಬದಲಾಯ್ತು. ಅಪ್ಪನಿಗೆ ಟಚ್ ಫೋನ್ ಬೇಡ.

ಇನ್ನು ದುಡ್ಡಿನ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು. ಫೋನ್ ರೇಟು ಒಂದು ಸಲದ್ದು, ಕೊಟ್ಟು ಮರೀತೀವಿ. ನಿಜವಾದ ಖರ್ಚು ರೀಚಾರ್ಜ್. ಕಂಪನಿಗಳ ತಿಂಗಳಿಗೆ 28 ದಿನ. 28ರ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಆಗುತ್ತದೆ. ಮೂರು ತಿಂಗಳು ಅಂದುಕೊಂಡು ಹಾಕಿಸುವ ಪ್ಲಾನ್ 84 ದಿನಕ್ಕೆ ಮುಗಿಯುತ್ತದೆ. ಹಾಲಿನ ದುಡ್ಡು, ಸಂಘದ ಕಂತು, ಎಲ್ಲವನ್ನೂ ತಾರೀಖು ನೋಡಿ ನಡೆಸುವ ಮನೆಗೆ ಈ 28 ಯಾವ ಲೆಕ್ಕಕ್ಕೂ ಹೊಂದಲ್ಲ.

ಅದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದಿದೆ. ಬರೀ ಮಾತಾಡುವವರೂ ಇಷ್ಟು ದಿನ ಇಂಟರ್ನೆಟ್ ಸೇರಿಸಿದ ಪ್ಲಾನ್‌ಗಳನ್ನೇ ಹಾಕಿಸುತ್ತಿದ್ದರು. ಅಪ್ಪನ ಸೆಟ್ಟಲ್ಲಿ ನೆಟ್ಟೇ ಬರಲ್ಲ, ಆದರೂ ಅದಕ್ಕೆ ದುಡ್ಡು. 2024ರ ಡಿಸೆಂಬರ್‌ನಲ್ಲಿ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಟ್ರಾಯ್ ಆದೇಶ ಮಾಡಿತು: ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನ್ ಕೊಡಲೇಬೇಕು, 365 ದಿನದವರೆಗೂ ಕೊಡಬಹುದು. 2025ರ ಜನವರಿಯಲ್ಲಿ ಆ ಪ್ಲಾನ್‌ಗಳು ಬಂದವು. ಆಗ ಒಂದು ದೊಡ್ಡ ಕಂಪನಿಯಲ್ಲಿ ವರ್ಷಕ್ಕೆ 1849 ರೂಪಾಯಿ ಇತ್ತು. ಅದೇ ಕಂಪನಿಯಲ್ಲಿ ದಿನಕ್ಕೆ ಒಂದೂವರೆ ಜಿಬಿ ಸಿಗುವ 84 ದಿನದ ಪ್ಲಾನ್ 859 ರೂಪಾಯಿ ಇತ್ತು. ವರ್ಷದ ಲೆಕ್ಕ ಹಾಕಿ, 3700 ದಾಟುತ್ತದೆ. ಹೆಚ್ಚುಕಡಿಮೆ ಎರಡರಷ್ಟು! ಇದನ್ನು ನಿಮ್ಮ ಮನೆಯ ಹಿರಿಯರಿಗೆ ದಯವಿಟ್ಟು ಹೇಳಿ. ಅಂಗಡಿಯಲ್ಲಿ ಯಾರೂ ತಾವಾಗಿ ಈ ಪ್ಲಾನ್ ಹೇಳಲಿಲ್ಲ, ನಾನು ಕೇಳಿದ ಮೇಲೆ ತೋರಿಸಿದರು.

ಹಾಗಂತ ಹಳೇ ಸೆಟ್ಟೇ ಸಾಕು ಅಂತಲೂ ಹೇಳೋಕಾಗಲ್ಲ. ಅದು 2ಜಿ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಆ ಸಿಮ್ ಈ ಸೆಟ್ಟಿಗೆ ಹಾಕಿದರೆ ಕೆಲಸ ಮಾಡಲ್ಲ. ಅಂಗಡಿಯವರು ಈಗ ಕೈಗೆ ಕೊಟ್ಟರಲ್ಲ, ಇದು 4ಜಿ ಕೀಪ್ಯಾಡ್ ಸೆಟ್ಟು. ಗುಂಡಿ ಇದೆ, ಟಾರ್ಚ್ ಇದೆ, ಕ್ಯಾಮೆರಾದಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡೂ ಕಳಿಸಬಹುದು. ಇಂಥದ್ದೇ ಸೆಟ್ಟು ಜಿಯೋ ಭಾರತ್ 2023ರಲ್ಲಿ ಬಂದಾಗ ರೇಟು 999 ಇತ್ತು. ಇನ್ನು ಇಂಟರ್ನೆಟ್ ಇಲ್ಲದ ಸೆಟ್ಟಿಂದಲೂ ಕರೆ ಮಾಡಿಯೇ ದುಡ್ಡು ಕಳಿಸುವ ಯುಪಿಐ 123ಪೇ ಇದೆ, ರಿಸರ್ವ್ ಬ್ಯಾಂಕ್ ಅದನ್ನು 2022ರ ಮಾರ್ಚ್‌ನಲ್ಲಿ ಶುರು ಮಾಡಿತು. ಇಷ್ಟು ಒಳ್ಳೆ ವ್ಯವಸ್ಥೆ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ.

ಅಯ್ಯೋ, ಈ ಕಡೆ ನೋಡಿ, ಅಮ್ಮ! ನಾವು ರೇಟು ಮಾತಾಡುವಷ್ಟರಲ್ಲಿ ಟಚ್ ಫೋನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ನೋಡುತ್ತಿದ್ದಾರೆ. ಮಗುವನ್ನು ನೋಡುವ ಆಸೆ ಇದ್ದದ್ದೂ ಅಮ್ಮನಿಗೇ. ಹಾಗಿದ್ದ ಮೇಲೆ ಫೋನ್ ಯಾಕೆ ಅಪ್ಪನಿಗೆ ಅಂತ ಯೋಚಿಸುತ್ತಿದ್ದೆವು? ಮನೆಯ ಫೋನ್ ಅಂದರೆ ಗಂಡಸರ ಜೇಬಿಗೇ ಹೋಗಬೇಕು ಅನ್ನೋದು ಎಲ್ಲ ಮನೆಯಲ್ಲೂ ಇದೆ. ಅಮ್ಮನನ್ನು ಯಾರೂ ಕೇಳಲ್ಲ.

ತೀರ್ಮಾನ ಆಯ್ತು. ಟಚ್ ಫೋನ್ ಅಮ್ಮನಿಗೆ, 4ಜಿ ಕೀಪ್ಯಾಡ್ ಸೆಟ್ಟು ಅಪ್ಪನಿಗೆ. ಬೆಳೆ ಸಮೀಕ್ಷೆಯ ಫೋಟೋ ಅಮ್ಮನೇ ತೆಗೀತಾರಂತೆ. ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಹಾಕಿ ಕೊಟ್ಟೆ. ಅಮ್ಮನಿಗೆ ಹೇಳಿದ್ದು ಎರಡೇ ಮಾತು. ವಾಟ್ಸಾಪ್‌ನಲ್ಲಿ ಮದುವೆ ಕಾರ್ಡ್ ಅಂತ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕಿಬಿಡುವ ಫೈಲ್, ಬಂದರೆ ಮುಟ್ಟಬಾರದು. ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ ಹೆದರಿಸಿದರೆ ಕಟ್ ಮಾಡಿ ನನಗೆ ಹೇಳಬೇಕು. ಫೋನಿನಿಂದ ಆಗುವ ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಿನಲ್ಲಿ ಇಲ್ಲವೇ ಇಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನೀವೂ ಬರೆದಿಟ್ಟುಕೊಳ್ಳಿ.

ಅಂಗಡಿಯವರು ಸಿಮ್ ಹಾಕ್ತಿದ್ದಾರೆ, ನಮ್ಮೂರಿನ ಬಸ್ಸೂ ಬರುವ ಹೊತ್ತಾಯ್ತು. 4ಜಿ ಕೀಪ್ಯಾಡ್ ಸೆಟ್‌ಗಳಲ್ಲಿ ಯಾವುದರ ರಿಂಗು ಜೋರಾಗಿ ಕೇಳುತ್ತದೆ ಅಂತ ಬಳಸಿದವರು ಹೇಳಿ. ಅಪ್ಪನಿಗೆ ತೋಟದ ಆ ತುದಿಗೂ ಕೇಳಿಸಬೇಕು.